ಹಿಮದ ಹಾದಿಗೆ ಎಂಥ ಕಾರು?

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ ಹಿಮ ಬೀಳುವುದಿಲ್ಲ. ಪುಷ್ಯಮಾಸದ ಮುಂಜಾನೆ ಹೊಲಗಳ ಮೇಲೆ ಕವಿಯುವ ಮಂಜು ಬಿಸಿಲೇರಿದೊಡನೆ ಮಾಯವಾಗುತ್ತದೆ. ಬೇಸಗೆಯ ಮೊದಲ ಮಳೆಯಲ್ಲಿ ಎಂದಾದರೊಮ್ಮೆ ಉದುರುವ ಆಲಿಕಲ್ಲಿನ ಹೊರತು ಆಕಾಶದಿಂದ ಬಿದ್ದ ಮಂಜುಗಡ್ಡೆಯನ್ನು ಅಲ್ಲಿ ಕಂಡವರಿಲ್ಲ. ರಾಗಿ, ಹಿಪ್ಪುನೇರಳೆ, ಟೊಮ್ಯಾಟೊಗಳ ಈ ಬಯಲುಸೀಮೆಯಲ್ಲಿ ಮಳೆ ಬಾರದೆಂಬ ಚಿಂತೆಯುಂಟೇ ಹೊರತು ಹಿಮ ಬಿದ್ದೀತೆಂಬ ಚಿಂತೆಯಿಲ್ಲ.

ಆದರೂ ಹಿಮದ ಹಾದಿಗೆ ಎಂಥ ಕಾರು ಯೋಗ್ಯವೆಂಬ ಪ್ರಶ್ನೆ ಈ ಸೀಮೆಯ ಮನೆಗಳಿಗೆ ಇಂದು ದೂರದ್ದಾಗಿ ಉಳಿದಿಲ್ಲ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳಲ್ಲಿ ಓದಿದ ತರುಣ ತರುಣಿಯರು ಬೆಂಗಳೂರಿಗೆ ಹೋಗುತ್ತಾರೆ. ಬೆಂಗಳೂರಿನಿಂದ ಕೆಲವರು ಕಡಲು ದಾಟುತ್ತಾರೆ. ಉತ್ತರ ಅಮೆರಿಕದ ಶೀತಪ್ರದೇಶಗಳಲ್ಲಿ ಕನ್ನಡದ ಮನೆಗಳು ಎಷ್ಟು ಬೆಳೆದಿವೆ ಎಂಬುದಕ್ಕೆ ಷಿಕಾಗೊದ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟ್ ಪ್ರಾಂತದ ಪಂಪ ಕನ್ನಡ ಕೂಟ ಮುಂತಾದ ಸಂಘಗಳೇ ಸಾಕ್ಷಿ. ಇನ್ನು ಕೆಲವರು ತಮ್ಮ ಸ್ವಂತ ಕಾರಿನಲ್ಲಿಯೇ, ಚಿಕ್ಕಬಳ್ಳಾಪುರದ ಕೆಎ-೪೦ ಎಂಬ ಫಲಕ ಹೊತ್ತು, ಮನಾಲಿಗೂ ಲಡಾಖಿಗೂ ಯಾತ್ರೆ ಹೊರಡುತ್ತಾರೆ. ಇಬ್ಬರಿಗೂ ಹಿಮದ ಮೊದಲ ಪರಿಚಯವಾಗುವುದು ಕಾರಿನ ಚಕ್ರದ ಹಿಂದೆ ಕುಳಿತಾಗಲೇ. ಹೊಸದಾಗಿ ನೌಕರಿಗೆ ಸೇರಿದವನ ಕೈಯಲ್ಲಿ ಹಣ ಮಿತವಾಗಿರುತ್ತದೆ. ಸಾಲ ಮಾಡಿಯಾದರೂ ನಾಲ್ಕು ಚಕ್ರಗಳೂ ಎಳೆಯುವ ದೊಡ್ಡ ಕಾರನ್ನು ಕೊಳ್ಳಬೇಕೆ, ಚಿಕ್ಕ ಕಾರೇ ಸಾಕೆ? ಊರಿನಲ್ಲಿರುವ ತಂದೆತಾಯಿಗಳು ದೊಡ್ಡದೇ ಇರಲೆನ್ನುತ್ತಾರೆ. ದೊಡ್ಡದರಲ್ಲಿ ಮಗ ಕ್ಷೇಮವಾಗಿರುತ್ತಾನೆಂದು ಅವರ ನಂಬಿಕೆ. ಈ ನಂಬಿಕೆಯಲ್ಲಿ ಅರ್ಧ ಮಾತ್ರ ನಿಜ.

ಗೊರಸು ಮತ್ತು ಲಾಳ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ಅನುಭವಸ್ಥ ರೈತನು ಮೈಕಟ್ಟನ್ನೂ ಕೊಂಬನ್ನೂ ಕಂಡು ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಕಾಲೆತ್ತಿಸಿ ಗೊರಸು ನೋಡುತ್ತಾನೆ. ಗಟ್ಟಿ ರಸ್ತೆಯಲ್ಲಿ ಗಾಡಿ ಎಳೆಯುವ ಎತ್ತಿಗೆ ಲಾಳ ಕಟ್ಟಿಸದೆ ಬಿಡುವುದಿಲ್ಲ. ಎತ್ತಿಗೆ ಎಷ್ಟೇ ಬಲವಿದ್ದರೂ ಆ ಬಲ ನೆಲಕ್ಕೆ ತಲುಪುವುದು ಗೊರಸಿನ ಮೂಲಕವೇ ಎಂಬುದು ಅವನಿಗೆ ಗೊತ್ತು. ಹಿಮದ ನಾಡಿನಲ್ಲಿ ಕಾರು ಕೊಳ್ಳುವವನು ಅರಿಯಬೇಕಾದುದೂ ಇದನ್ನೇ. ಸಾವಿರ, ಎರಡು ಸಾವಿರ ಕಿಲೋ ತೂಗುವ ಆ ಯಂತ್ರವು ನೆಲವನ್ನು ಮುಟ್ಟುವುದು ಹೆಚ್ಚುಕಡಮೆ ನಾಲ್ಕು ಅಂಗೈಗಳಷ್ಟು ರಬ್ಬರಿನಿಂದ. ಹೊರಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಆ ನಾಲ್ಕು ಅಂಗೈಗಳ ಹಿಡಿತವನ್ನು ಅವಲಂಬಿಸಿವೆ.

ಹಿಡಿತವು ಎಷ್ಟು ಕಡಮೆಯಾಗುತ್ತದೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಒಣಗಿದ ಡಾಂಬರು ರಸ್ತೆಯಲ್ಲಿ ಗಂಟೆಗೆ ೫೦ ಕಿಲೋಮೀಟರು ವೇಗದ ಕಾರು, ಬ್ರೇಕು ಹಿಡಿದ ಮೇಲೆ, ಸುಮಾರು ೧೪ ಮೀಟರಿನಲ್ಲಿ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಅದೇ ಕಾರಿಗೆ ೫೦ ಮೀಟರು ಬೇಕು. ಮಂಜುಗಡ್ಡೆಯ ಮೇಲಾದರೆ ೧೦೦ ಮೀಟರೂ ಸಾಲದೆ ಹೋದೀತು. ತೀವ್ರ ಚಳಿಯ ಒಣ ಮಂಜುಗಡ್ಡೆಗಿಂತ ಶೂನ್ಯ ಡಿಗ್ರಿಯ ಸಮೀಪದಲ್ಲಿ, ಮೇಲೆ ನೀರಿನ ತೆಳುಪದರವಿರುವ ಮಂಜುಗಡ್ಡೆಯೇ ಹೆಚ್ಚು ಜಾರುತ್ತದೆ. ಎಲ್ಲಕ್ಕಿಂತ ಮೋಸಗಾರ ಯಾವುದೆಂದರೆ ಗಾಜಿನಂತೆ ಪಾರದರ್ಶಕವಾಗಿ ಡಾಂಬರನ್ನು ಮುಚ್ಚಿರುವ ಮಂಜುಗಡ್ಡೆ. ಕೆಳಗಿನ ಕರಿಯ ರಸ್ತೆ ಕಾಣಿಸುವುದರಿಂದ ನೋಡಿದವನಿಗೆ ಅದು ಬರಿಯ ಒದ್ದೆ ಎನಿಸುತ್ತದೆ. ಸೇತುವೆಗಳ ಮೇಲೆ ಇದು ಮೊದಲು ಕಟ್ಟುತ್ತದೆ. ಏಕೆಂದರೆ ಅಲ್ಲಿ ರಸ್ತೆಯನ್ನು ಶೀತದ ಗಾಳಿ ಮೇಲಿನಿಂದಲೂ ಕೆಳಗಿನಿಂದಲೂ ತಣಿಸುತ್ತದೆ.

ಎಳೆತ ಬೇರೆ, ತಡೆ ಬೇರೆ

ಹಿಂದಿನ ಕಾಲದ ಕಾರುಗಳಲ್ಲಿ ಎಂಜಿನು ಮುಂದೆ, ಎಳೆಯುವ ಚಕ್ರಗಳು ಹಿಂದೆ. ನಮ್ಮ ಅಂಬಾಸಿಡರು, ಫಿಯೆಟ್ಟುಗಳೂ ಹಾಗೆಯೇ ಇದ್ದುವು. ಹಿಂದಿನ ಚಕ್ರಗಳ ಮೇಲೆ ಭಾರ ಸಾಲದಿದ್ದುದರಿಂದ ಹಿಮದಲ್ಲಿ ಅವು ನಿಂತಲ್ಲೇ ಗಿರ್ರನೆ ತಿರುಗುತ್ತಿದ್ದುವು. ಶೀತದೇಶದವರು ಹಿಂಬದಿಯ ಪೆಟ್ಟಿಗೆಯಲ್ಲಿ ಮರಳಿನ ಮೂಟೆ ಹೇರಿಕೊಂಡು ಓಡಾಡುತ್ತಿದ್ದರು. ಮುಂದಿನ ಚಕ್ರಗಳೇ ಎಳೆಯುವ ಏರ್ಪಾಡಿನಲ್ಲಿ ಎಂಜಿನಿನ ಭಾರವೆಲ್ಲ ಎಳೆಯುವ ಚಕ್ರಗಳ ಮೇಲೆಯೇ ಬೀಳುತ್ತದೆ. ನಮ್ಮ ದೇಶದಲ್ಲಿ ಇದನ್ನು ಮನೆಮಾತಾಗಿಸಿದ್ದು ೧೯೮೩ರಲ್ಲಿ ಬಂದ ಮಾರುತಿ ೮೦೦. ಉಳುವ ಕೆಲಸ ನಡೆಯುತ್ತಿರುವ, ಎಂದರೆ ಹಿಮ ಬಿದ್ದೊಡನೆ ಯಂತ್ರಗಳಿಂದ ಬಳಿದು ಉಪ್ಪು ಚೆಲ್ಲುವ, ಪಟ್ಟಣದ ರಸ್ತೆಗಳಿಗೆ ಇಂಥ ಸಾಧಾರಣ ಕಾರು ಧಾರಾಳವಾಗಿ ಸಾಕು.

ನಾಲ್ಕು ಚಕ್ರಗಳೂ ಎಳೆಯುವ ಕಾರುಗಳು ಮೊದಲು ಸೈನ್ಯದ ಜೀಪಿನಲ್ಲಿ ಹೆಸರು ಪಡೆದು, ಜಪಾನಿನ ಸುಬಾರು ೧೯೭೨ರಲ್ಲಿಯೂ ಜರ್ಮನಿಯ ಔಡಿ ೧೯೮೦ರಲ್ಲಿಯೂ ತಂದ ಮಾದರಿಗಳ ಮೂಲಕ ಸಂಸಾರಸ್ಥರ ಮನೆಬಾಗಿಲಿಗೆ ಬಂದುವು. ಹಿಮ ತುಂಬಿದ ಏರುದಾರಿಯಲ್ಲಿ ಮನೆ ಮಾಡಿದವರಿಗೆ, ರಸ್ತೆ ಬಳಿಯುವ ಮೊದಲೇ ಆಸ್ಪತ್ರೆಗೋ ಕಾರ್ಖಾನೆಗೋ ಹೊರಡಬೇಕಾದವರಿಗೆ ಇವು ನಿಜವಾಗಿ ಉಪಕಾರಿ. ಆದರೆ ಒಂದು ಮಾತನ್ನು ಮರೆಯಕೂಡದು. ನಾಲ್ಕು ಚಕ್ರಗಳ ಎಳೆತವು ಕಾರನ್ನು ಹೊರಡಿಸುವುದಕ್ಕೆ ಸಹಾಯ ಮಾಡುತ್ತದೆಯೇ ವಿನಾ ನಿಲ್ಲಿಸುವುದಕ್ಕಲ್ಲ. ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಚಕ್ರಗಳಿಗೇ ಇರುತ್ತದೆ. ಭಾರವಾದ ಕಾರಿಗೆ ಹಿಡಿತ ಹೆಚ್ಚಾದಷ್ಟೇ ಮುನ್ನುಗ್ಗುವ ರಭಸವೂ ಹೆಚ್ಚುವುದರಿಂದ ಭಾರದಿಂದ ಬೇಗ ನಿಲ್ಲುವ ಲಾಭವಿಲ್ಲ. ಸಲೀಸಾಗಿ ಹೊರಟು ವೇಗ ಪಡೆದವನು ಹಾದಿ ಜಾರುತ್ತಿದೆಯೆಂಬುದನ್ನು ತಿಳಿಯುವುದು ತಿರುವಿನಲ್ಲಿ. ಆ ವೇಳೆಗೆ ತಿಳಿದು ಫಲವಿಲ್ಲ.

ಚಕ್ರಗಳು ಕಚ್ಚಿಕೊಳ್ಳದಂತೆ ಬ್ರೇಕನ್ನು ತಾನೇ ಬಿಟ್ಟು ಹಿಡಿಯುವ ಎಬಿಎಸ್ ಎಂಬ ಸಾಧನವು ೧೯೭೮ರಲ್ಲಿಯೂ, ಕಾರು ಅಡ್ಡ ತಿರುಗುವುದನ್ನು ತಡೆಯುವ ಸ್ಥಿರತಾ ಸಾಧನವು ೧೯೯೫ರಲ್ಲಿಯೂ ಜರ್ಮನಿಯ ಬೆಂಜ್ ಕಾರುಗಳಲ್ಲಿ ಬಳಕೆಗೆ ಬಂದುವು. ಅಮೆರಿಕದಲ್ಲಿ ೨೦೧೨ರ ಮಾದರಿಯಿಂದೀಚೆಗೆ ಎಲ್ಲ ಕಾರುಗಳಿಗೂ ಎರಡನೆಯದು ಕಡ್ಡಾಯ. ಹಳೆಯ ಕಾರು ಕೊಳ್ಳುವವನು ಅದಕ್ಕಿಂತ ಹಿಂದಿನದನ್ನು ಅಗ್ಗವೆಂದು ಆರಿಸದಿರುವುದು ಮೇಲು.

ಟೈರೇ ಲಾಳ

ಹಾಗಾದರೆ ಹಣವನ್ನು ಮೊದಲು ಎಲ್ಲಿ ಹಾಕಬೇಕು? ಸಂದೇಹವಿಲ್ಲದೆ ಹೇಳಬಹುದು, ಟೈರಿನಲ್ಲಿ. ಸಾಧಾರಣ ಟೈರಿನ ರಬ್ಬರು ಉಷ್ಣತೆ ೭ ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದರೆ ಗಡುಸಾಗತೊಡಗುತ್ತದೆ. ಗಡುಸಾದ ರಬ್ಬರು ರಸ್ತೆಯನ್ನು ಅಪ್ಪುವುದಿಲ್ಲ. ಚಳಿಗಾಲದ ಟೈರಿನ ರಬ್ಬರನ್ನು ಚಳಿಯಲ್ಲಿಯೂ ಮೆದುವಾಗಿರುವಂತೆ ಹದ ಮಾಡಿರುತ್ತಾರೆ. ಅದರ ಮೈಮೇಲಿನ ಆಳವಾದ ತೋಡುಗಳು ಹಿಮವನ್ನು ಹಿಡಿದುಕೊಳ್ಳುತ್ತವೆ. ಕೂದಲೆಳೆಯಂಥ ನೂರಾರು ಸೀಳುಗಳು ಮಂಜುಗಡ್ಡೆಯ ಅಂಚನ್ನು ಕಚ್ಚುತ್ತವೆ. ಇದರ ಚರಿತ್ರೆ ಫಿನ್‌ಲೆಂಡಿನದು. ಅಲ್ಲಿನ ನೋಕಿಯಾ ಪಟ್ಟಣದ ರಬ್ಬರು ಕಾರ್ಖಾನೆಯವರು ೧೯೩೪ರಲ್ಲಿ ಲಾರಿಗಳಿಗೂ ೧೯೩೬ರಲ್ಲಿ ಕಾರುಗಳಿಗೂ ಚಳಿಗಾಲದ ಟೈರುಗಳನ್ನು ತಯಾರಿಸಿದರು. ಲಾಳದ ಮೊಳೆಗಳಂತೆ ಲೋಹದ ಮೊಳೆಗಳನ್ನು ನಾಟಿದ ಟೈರುಗಳೂ ಉಂಟು. ಫಿನ್‌ಲೆಂಡ್, ಸ್ವೀಡನ್ನುಗಳಲ್ಲಿ ಅವು ರೂಢಿಯಲ್ಲಿವೆ. ರಸ್ತೆ ಸವೆಯುತ್ತದೆಂದು ಜರ್ಮನಿ ಅವನ್ನು ನಿಷೇಧಿಸಿದೆ.

ಕೊಳ್ಳುವವನು ಟೈರಿನ ಪಕ್ಕೆಯಲ್ಲಿ ಗುರುತು ನೋಡಬೇಕು. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು: ಈ ಚಿತ್ರವಿದ್ದರೆ ಹಿಮದ ಮೇಲೆ ಪರೀಕ್ಷಿಸಿ ಒಪ್ಪಿದ ಟೈರೆಂದು ಅರ್ಥ. ಎಂ ಮತ್ತು ಎಸ್ ಎಂಬ ಎರಡು ಅಕ್ಷರಗಳು ಮಾತ್ರ ಇದ್ದರೆ ಅದು ತೋಡುಗಳ ವಿನ್ಯಾಸವನ್ನು ಹೇಳುತ್ತದೆಯೇ ಹೊರತು ಅಂಥ ಪರೀಕ್ಷೆಯನ್ನಲ್ಲ. ಟೈರುಗಳನ್ನು ನಾಲ್ಕು ಚಕ್ರಗಳಿಗೂ ಹಾಕಿಸಬೇಕು. ಮುಂದೆ ಎರಡನ್ನು ಮಾತ್ರ ಹಾಕಿಸಿ ಉಳಿತಾಯ ಮಾಡಿದರೆ ಮುಂಭಾಗ ಹಿಡಿದು ಹಿಂಭಾಗ ಜಾರಿ ಕಾರು ಬುಗುರಿಯಾಗುತ್ತದೆ. ತೋಡಿನ ಆಳ ೪ ಮಿಲಿಮೀಟರಿಗಿಂತ ಕಡಮೆಯಾದರೆ ಹಿಮದಲ್ಲಿ ಅದರ ಕೆಲಸ ಮುಗಿದಂತೆಯೇ. ಆಸ್ಟ್ರಿಯಾ ದೇಶದ ಕಾಯಿದೆಯೂ ಅದನ್ನೇ ಹೇಳುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ ೧ರಿಂದ ಮಾರ್ಚ್ ೧೫ರವರೆಗೆ ಚಳಿಗಾಲದ ಟೈರು ಕಡ್ಡಾಯ. ಪಕ್ಕದ ಆಂಟೇರಿಯೊದಲ್ಲಿ ಕಡ್ಡಾಯವಿಲ್ಲದಿದ್ದರೂ ಹಾಕಿಸಿದವರಿಗೆ ವಿಮೆಯ ಕಂತಿನಲ್ಲಿ ರಿಯಾಯಿತಿ ಕೊಡಬೇಕೆಂಬ ನಿಯಮ ೨೦೧೬ರಿಂದ ಉಂಟು. ಎರಡು ಜೊತೆ ಟೈರುಗಳ ಖರ್ಚು ದುಬಾರಿಯೆನಿಸಬಹುದು. ಆದರೆ ಒಂದು ಜೊತೆ ಓಡುವಾಗ ಇನ್ನೊಂದು ವಿಶ್ರಮಿಸುವುದರಿಂದ ಎರಡೂ ಹೆಚ್ಚು ವರ್ಷ ಬಾಳುತ್ತವೆ.

ಕಣ್ಣಿಗೆ ಕಾಣದ ಸಂಗತಿಗಳು

ಶೀತದೇಶದಲ್ಲಿ ಹಳೆಯ ಕಾರು ಕೊಳ್ಳುವವನು ಬಣ್ಣ ನೋಡುವುದಕ್ಕಿಂತ ಮುಂಚೆ ಬಗ್ಗಿ ಅಡಿಭಾಗ ನೋಡಬೇಕು. ರಸ್ತೆಗೆ ಚೆಲ್ಲುವ ಉಪ್ಪು ಮಂಜುಗಡ್ಡೆಯನ್ನು ಕರಗಿಸುವಂತೆಯೇ ಕಬ್ಬಿಣವನ್ನೂ ತಿನ್ನುತ್ತದೆ. ಬ್ರೇಕಿನ ಕೊಳವೆಗಳು ತುಕ್ಕು ಹಿಡಿದಿದ್ದರೆ ಮೇಲಿನ ಹೊಳಪಿನಿಂದ ಪ್ರಯೋಜನವೇನು? ಬ್ಯಾಟರಿಯ ವಯಸ್ಸನ್ನೂ ಕೇಳಬೇಕು. ಶೂನ್ಯಕ್ಕಿಂತ ೧೮ ಡಿಗ್ರಿ ಕೆಳಗೆ ಅದರ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಎಂಜಿನಿನ ಎಣ್ಣೆ ಗಟ್ಟಿಯಾಗಿ ಹೆಚ್ಚು ಶಕ್ತಿಯನ್ನು ಬೇಡುತ್ತದೆ. ಕೆನಡಾದ ಬಯಲುಸೀಮೆಯಾದ ವಿನಿಪೆಗ್ ಮುಂತಾದ ಕಡೆ ರಾತ್ರಿಯೆಲ್ಲ ಎಂಜಿನನ್ನು ಬೆಚ್ಚಗಿಡಲು ಕಾರನ್ನು ವಿದ್ಯುತ್ತಿಗೆ ಸಿಕ್ಕಿಸಿಡುತ್ತಾರೆ. ವಿದ್ಯುತ್ ಕಾರುಗಳು ಒಂದು ಸಲ ತುಂಬಿದ ಶಕ್ತಿಯಲ್ಲಿ ಓಡುವ ದೂರ ಚಳಿಯಲ್ಲಿ ಕಡಮೆಯಾಗುವುದು ನಿಜ. ಆದರೂ ಹಿಮದ ದೇಶವಾದ ನಾರ್ವೆಯಲ್ಲಿ ೨೦೨೪ರಲ್ಲಿ ಮಾರಾಟವಾದ ಪ್ರತಿ ಹತ್ತು ಹೊಸ ಕಾರುಗಳಲ್ಲಿ ಸುಮಾರು ಒಂಬತ್ತು ವಿದ್ಯುತ್ತಿನವೇ. ದೂರದ ಲೆಕ್ಕವನ್ನು ತಿಳಿದು ಕೊಂಡರೆ ಭಯವಿಲ್ಲ.

ನಮ್ಮ ಹಿಮಾಲಯದಲ್ಲಿ

ಹಿಮದ ಮೇಲೆ ವಾಹನ ನಡೆಸಿದ ಸಾಹಸದಲ್ಲಿ ಕನ್ನಡನಾಡಿಗೂ ಪಾಲುಂಟು. ೧೯೪೮ರ ನವೆಂಬರ್ ೧ರಂದು, ಸಮುದ್ರಮಟ್ಟದಿಂದ ೧೧,೫೦೦ ಅಡಿಗೂ ಎತ್ತರದ ಜೋಜಿಲಾ ಕಣಿವೆಯಲ್ಲಿ, ಹಿಮದ ನಡುವೆ ಭಾರತದ ಟ್ಯಾಂಕುಗಳು ಕಾಣಿಸಿಕೊಂಡಾಗ ಶತ್ರುಗಳು ದಂಗಾದರು. ಆ ಕಾರ್ಯಾಚರಣೆಯ ನಾಯಕರು ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು. ಏಳನೆಯ ಕ್ಯಾವಲ್ರಿಯ ಸ್ಟೂಅರ್ಟ್ ಟ್ಯಾಂಕುಗಳು ಹಗುರವಾದುವು. ಭಾರವನ್ನು ಅಗಲವಾಗಿ ಹರಡುವ ಉಕ್ಕಿನ ಪಟ್ಟಿಗಳ ಮೇಲೆ ಚಲಿಸುವಂಥವು. ಆದರೆ ಅವು ಏರುವುದಕ್ಕೆ ಮುಂಚೆ ಹೇಸರಗತ್ತೆ ನಡೆಯುವ ಹಾದಿಯನ್ನು ಅಗಲಗೊಳಿಸಿ ಕೊಟ್ಟವರು, ಬೆಂಗಳೂರನ್ನು ನೆಲೆಯಾಗಿ ಉಳ್ಳ ಮದ್ರಾಸ್ ಸ್ಯಾಪರ್ಸ್ ದಳದವರು. ಟ್ಯಾಂಕಿಗೂ ಮೊದಲು ಬೇಕಾದದ್ದು ಕಾಲೂರಲು ನೆಲ.

ಇಂದು ಹಿಮಾಲಯಕ್ಕೆ ಸ್ವಂತ ಕಾರಿನಲ್ಲಿ ಹೋಗುವವರು ಇದನ್ನು ನೆನೆಯಬೇಕು. ೨೦೨೦ರ ಅಕ್ಟೋಬರ್ ೩ರಂದು ತೆರೆದ ೯ ಕಿಲೋಮೀಟರಿನ ಅಟಲ್ ಸುರಂಗವು ಲಾಹೌಲಿನ ಹಾದಿಯನ್ನು ಸುಗಮಗೊಳಿಸಿದೆ. ಆದರೆ ಸುರಂಗದ ಬಾಯಿಯವರೆಗಿನ ರಸ್ತೆ ಹಿಮದ್ದೇ. ಹಿಮ ಬಿದ್ದ ದಿನಗಳಲ್ಲಿ ನಾಲ್ಕು ಚಕ್ರಗಳ ಎಳೆತವುಳ್ಳ ಅಥವಾ ಚಕ್ರಕ್ಕೆ ಸರಪಳಿ ಕಟ್ಟಿದ ವಾಹನಗಳನ್ನು ಮಾತ್ರ ಪೋಲೀಸರು ಬಿಡುವುದುಂಟು. ಸರಪಳಿಯನ್ನು ಎಳೆಯುವ ಚಕ್ರಗಳಿಗೆ ಕಟ್ಟಬೇಕು, ಕಟ್ಟಿ ನಿಧಾನವಾಗಿ ಹೋಗಬೇಕು. ನಮ್ಮ ಕಡೆ ರೇಡಿಯೇಟರಿಗೆ ಬರಿಯ ನೀರು ತುಂಬುವ ಅಭ್ಯಾಸವುಂಟು. ಅಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗಿ ಎಂಜಿನನ್ನೇ ಸೀಳಿಬಿಡುತ್ತದೆ. ಹೆಪ್ಪುಗಟ್ಟದ ದ್ರಾವಣವನ್ನು ಊರಿನಲ್ಲಿಯೇ ಹಾಕಿಸಿಕೊಳ್ಳಬೇಕು. ಬಯಲಿನ ಡೀಸೆಲ್ ಎಣ್ಣೆಯೂ ತೀವ್ರ ಚಳಿಯಲ್ಲಿ ಮೇಣವಾಗುತ್ತದೆ. ಲಡಾಖಿಗೆಂದೇ ಶೂನ್ಯಕ್ಕಿಂತ ೩೩ ಡಿಗ್ರಿ ಕೆಳಗೂ ಹರಿಯುವ ಡೀಸೆಲನ್ನು ಇಂಡಿಯನ್ ಆಯಿಲ್ ಸಂಸ್ಥೆಯವರು ೨೦೧೯ರಲ್ಲಿ ಬಿಡುಗಡೆ ಮಾಡಿದರು.

ಕೊನೆಯ ಎಚ್ಚರ

ಕಾರು ಹಿಮದಲ್ಲಿ ಹೂತು ನಿಂತಾಗ ಕಿಟಕಿ ಮುಚ್ಚಿ, ಎಂಜಿನು ಓಡಿಸುತ್ತ, ಬೆಚ್ಚಗೆ ಕುಳಿತುಕೊಳ್ಳೋಣವೆನಿಸುತ್ತದೆ. ಹೊಗೆಕೊಳವೆಯ ಬಾಯಿ ಹಿಮದಿಂದ ಮುಚ್ಚಿದ್ದರೆ ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ವಿಷವಾಯು ಒಳಗೆ ತುಂಬಿ, ನಿದ್ರೆ ಬಂದಂತೆಯೇ ಪ್ರಾಣ ಹೋಗುತ್ತದೆ. ಮೊದಲು ಇಳಿದು ಕೊಳವೆಯ ಸುತ್ತಣ ಹಿಮವನ್ನು ತೆಗೆಯಬೇಕು. ಆಗಾಗ ಮತ್ತೆ ನೋಡಬೇಕು. ಒಂದು ಸಲಿಕೆ, ಕಂಬಳಿ, ದೀಪ, ಕುಡಿಯುವ ನೀರು ಕಾರಿನಲ್ಲಿ ಸದಾ ಇರಬೇಕು.

ಹೀಗೆ ನೋಡಿದರೆ ಮಿತವಾದ ಹಣವುಳ್ಳವನ ಆಯ್ಕೆ ಕಷ್ಟವಲ್ಲ. ತುಕ್ಕಿಲ್ಲದ, ಸ್ಥಿರತಾ ಸಾಧನವುಳ್ಳ, ಮುಂದಿನ ಚಕ್ರಗಳು ಎಳೆಯುವ ಸಾಧಾರಣ ಕಾರು; ಅದಕ್ಕೆ ನಾಲ್ಕು ಒಳ್ಳೆಯ ಚಳಿಗಾಲದ ಟೈರುಗಳು; ಹೊಸ ಬ್ಯಾಟರಿ. ಏರುದಾರಿಯ, ಬಳಿಯದ ರಸ್ತೆಯ ಮನೆಯಾದರೆ ಮಾತ್ರ ನಾಲ್ಕು ಚಕ್ರಗಳ ಎಳೆತ, ಅದೂ ಅದೇ ಟೈರುಗಳೊಡನೆ. ಉಳಿದದ್ದು ಓಡಿಸುವವನ ಕೈಯಲ್ಲಿದೆ. ಮೊದಲ ಹಿಮ ಬಿದ್ದ ದಿನ ಬರಿದಾದ ಮೈದಾನದಲ್ಲಿ, ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾರು ಹೇಗೆ ಜಾರುತ್ತದೆ, ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ಅಭ್ಯಾಸ ಮಾಡಬೇಕು. ವೇಗವನ್ನು ಅರ್ಧಕ್ಕೆ ಇಳಿಸಿದರೆ ನಿಲ್ಲುವ ದೂರ ಕಾಲುಭಾಗಕ್ಕೆ ಇಳಿಯುತ್ತದೆ. ಈ ಲಾಭಕ್ಕೆ ಯಾವ ಅಂಗಡಿಯಲ್ಲಿಯೂ ಬೆಲೆ ತೆರಬೇಕಾಗಿಲ್ಲ.