ನಡುರಾತ್ರಿಯ ಕರೆಂಟು ಹಗಲಿಗೆ ಬರಲಿ

‘ಏ ತಮ್ಮಾ, ತ್ರೀ ಫೇಸ್ ಬಂದದ, ಏಳು.’

ಪಿಯುಸಿ ಓದುವಾಗ ನನ್ನ ನಿದ್ದೆ ಮುರಿಯುತ್ತಿದ್ದುದು ಅಪ್ಪನ ಈ ಮಾತಿನಿಂದ. ಗಂಟೆ ರಾತ್ರಿ ಒಂದೂವರೆಯೋ ಎರಡೋ ಆಗಿರುತ್ತಿತ್ತು. ಅಪ್ಪನ ಕೈಯಲ್ಲಿ ಟಾರ್ಚು, ನನ್ನ ಕೈಯಲ್ಲಿ ಕೋಲು. ಚಿಂಚೋಳಿ ತಾಲ್ಲೂಕಿನ ನಮ್ಮ ಐನಾಪುರದಲ್ಲಿ ತೊಗರಿ ಮಳೆಯನ್ನು ನಂಬಿ ಬೆಳೆಯುತ್ತದೆ. ಬೋರ್‌ವೆಲ್ ನೀರಿನ ಉಳ್ಳಾಗಡ್ಡಿ ಮಾತ್ರ ಕರೆಂಟನ್ನು ನಂಬಬೇಕು. ಕರೆಂಟು ಬಂದಾಗ ನಾವು ಎಚ್ಚರ ಇರಬೇಕು, ಅಷ್ಟೆ.

ಒಂದು ಜನವರಿಯ ರಾತ್ರಿ ಒದ್ದೆ ಕೈಯಲ್ಲಿ ಸ್ಟಾರ್ಟರ್ ಡಬ್ಬಿ ಮುಟ್ಟಿದ ಅಪ್ಪ ಮಾರು ದೂರ ಹೋಗಿ ಬಿದ್ದರು. ಜೀವ ಉಳಿಯಿತು. ಬಲಗೈಯ ಎರಡು ಬೆರಳುಗಳಿಗೆ ಇಂದಿಗೂ ಬಿಸಿ, ತಣ್ಣಗೆ ತಿಳಿಯುವುದಿಲ್ಲ. ‘ಇನ್ನ ರಾತ್ರಿ ಹೊಲಕ್ಕ ಹೋಗಬ್ಯಾಡ್ರಿ’ ಎಂದು ಅವ್ವ ಅತ್ತಳು. ‘ಹಗಲಿ ಕರೆಂಟ್ ಕೊಟ್ರ ನಾ ಯಾಕ ರಾತ್ರಿ ಹೋಗ್ಲಿ?’ ಎಂದರು ಅಪ್ಪ. ಈ ಪ್ರಶ್ನೆಯೇ ನನ್ನನ್ನು ಎಲೆಕ್ಟ್ರಿಕಲ್ ಡಿಪ್ಲೊಮಾಗೆ ಕರೆತಂದಿತು.

ಕಾಲೇಜಿನಲ್ಲಿ ಮೊದಲು ಅರ್ಥವಾದ ಸಂಗತಿ ಇದು: ಜೋಳವನ್ನು ಹಗೇವಿನಲ್ಲಿ ತುಂಬಿಟ್ಟಂತೆ ಕರೆಂಟನ್ನು ತುಂಬಿಡಲಾಗದು. ಯಾವ ಕ್ಷಣಕ್ಕೆ ಎಷ್ಟು ಬಳಕೆಯೋ ಅದೇ ಕ್ಷಣಕ್ಕೆ ಅಷ್ಟೇ ಉತ್ಪಾದನೆ ಆಗಬೇಕು. ಆ ತಕ್ಕಡಿಯ ಮುಳ್ಳೇ 50 ಹರ್ಟ್ಸ್ ಆವರ್ತನ. ಬಳಕೆ ಹೆಚ್ಚಾದರೆ ಅದು ಕುಸಿಯುತ್ತದೆ, ಉತ್ಪಾದನೆ ಹೆಚ್ಚಾದರೆ ಏರುತ್ತದೆ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಸಿ ವಿದ್ಯುತ್ ತೆಗೆಯುತ್ತಿದ್ದಾರೆ. ಅಂಥ ಬಾಯ್ಲರ್‌ಗಳನ್ನು ಸ್ವಿಚ್ ಒತ್ತಿದಂತೆ ಆರಿಸಿ ಹೊತ್ತಿಸಲು ಬರುವುದಿಲ್ಲ. ರಾತ್ರಿ ನಗರಗಳು ಮಲಗಿದಾಗ ಉಳಿಯುವ ವಿದ್ಯುತ್ತಿಗೆ ಗಿರಾಕಿ ಬೇಕಿತ್ತು. ಆ ಗಿರಾಕಿ ನಮ್ಮಪ್ಪನಂಥವರ ಪಂಪ್‌ಸೆಟ್ಟು.

ಈಗ ಲೆಕ್ಕ ತಲೆಕೆಳಗಾಗಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಎದ್ದಿದೆ. ರೈತರು ಅಲ್ಲಿ ಭೂಮಿ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಇಂಥ ಪಾರ್ಕ್‌ಗಳಿಂದ ಮಧ್ಯಾಹ್ನ ಹನ್ನೆರಡಕ್ಕೆ ವಿದ್ಯುತ್ ಧಾರಾಳ. ಸಂಜೆ ಆರೂವರೆಗೆ ಸೂರ್ಯ ಮುಳುಗಿದ, ಅದೇ ಹೊತ್ತಿಗೆ ಮನೆ ಮನೆಯಲ್ಲಿ ದೀಪ, ಫ್ಯಾನು, ಟಿ.ವಿ. ಎಲ್ಲ ಶುರು. ಅಂದರೆ ಇಂದಿನ ಕಷ್ಟದ ಹೊತ್ತು ಸಂಜೆ. ಹಗಲು ಸುಗ್ಗಿ. ಪಂಪ್‌ಸೆಟ್ಟುಗಳನ್ನು ರಾತ್ರಿ ಓಡಿಸಲು ಇದ್ದ ಹಳೆಯ ಕಾರಣ ಸಡಿಲವಾಗಿದೆ.

ಹಾಗಿದ್ದರೂ ಹಗಲು ಕರೆಂಟು ಏಕೆ ಎಲ್ಲ ಹೊಲಗಳಿಗೂ ಬಂದಿಲ್ಲ? ಉತ್ತರ ತಂತಿಯಲ್ಲಿದೆ. ದೊಡ್ಡ ತಂತಿಗಳ ವಿಷಯದಲ್ಲಿ ನಾವು ಬಹಳ ಮುಂದೆ ಬಂದಿದ್ದೇವೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ದಕ್ಷಿಣ ಹಾಗೆ ಮುಳುಗಲಿಲ್ಲ. ಆಗ ನಮ್ಮ ಜಾಲ ಪ್ರತ್ಯೇಕವಾಗಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ನಡುವಿನ 765 ಕೆ.ವಿ. ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲದೊಂದಿಗೆ ಒಂದಾಯಿತು. ಇಡೀ ದೇಶಕ್ಕೆ ಒಂದೇ ಆವರ್ತನ ತಂದ ಆ ಗಂಟು ಬಿದ್ದದ್ದು ನಮ್ಮ ಕಲ್ಯಾಣ ಕರ್ನಾಟಕದ ನೆಲದಲ್ಲಿ ಎನ್ನುವುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಸೊರಗಿರುವುದು ಕೊನೆಯ ಕೆಲವೇ ಕಿಲೋಮೀಟರು. ಉದ್ದನೆಯ 11 ಕೆ.ವಿ. ಮಾರ್ಗ, ಜೋತುಬಿದ್ದ ತಂತಿ, ಶಕ್ತಿ ಮೀರಿ ಹೊರೆ ಹೊತ್ತ ಟಿಸಿ. ಇದರಲ್ಲಿ ನಮ್ಮ ಪಾಲೂ ಇದೆ. ರಾತ್ರಿ ಏಳಲಾರದೆ ನಾವು ಆಟೊ ಸ್ಟಾರ್ಟರ್ ಹಾಕುತ್ತೇವೆ. ಕರೆಂಟು ಬಂದ ಕೂಡಲೇ ಎಲ್ಲ ಮೋಟರುಗಳೂ ಒಮ್ಮೆಲೇ ಎಳೆಯುತ್ತವೆ, ಟಿಸಿ ಸುಡುತ್ತದೆ. ಕೆಪಾಸಿಟರ್ ಹಾಕಿದವರು ಕಡಿಮೆ, ಅರ್ಥಿಂಗ್ ಸರಿಯಿಟ್ಟವರು ಇನ್ನೂ ಕಡಿಮೆ. ನಮ್ಮ ಡಬ್ಬಿಗೂ ಆ ರಾತ್ರಿ ಅರ್ಥಿಂಗ್ ಇರಲಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯಿದೆ, ಆದರೆ ಬರೆಯದಿದ್ದರೆ ಅರ್ಧ ಸತ್ಯವಾಗುತ್ತದೆ.

ದಾರಿಗಳು ಇಲ್ಲದಿಲ್ಲ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳ ಮಾರ್ಗವನ್ನು ಪಂಪ್‌ಸೆಟ್ ಮಾರ್ಗದಿಂದ ಬೇರ್ಪಡಿಸುವ ಕೆಲಸ ನಡೆಯಿತು. ಮುಂದಿನ ಹೆಜ್ಜೆ ಕುಸುಮ್-ಸಿ. ಸಬ್‌ಸ್ಟೇಷನ್ ಹತ್ತಿರವೇ ಸೋಲಾರ್ ಘಟಕ ಹಾಕಿ, ಆ ವಿದ್ಯುತ್ತನ್ನು ಹಗಲಿನಲ್ಲೇ ಕೃಷಿ ಮಾರ್ಗಕ್ಕೆ ಕೊಡುವುದು ಇದರ ಉದ್ದೇಶ. ದೂರದಿಂದ ಸಾಗಿಸುವ ನಷ್ಟ ಉಳಿಯುತ್ತದೆ, ರೈತನ ನಿದ್ದೆಯೂ ಉಳಿಯುತ್ತದೆ. 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಇಂಥ ಘಟಕ ಉದ್ಘಾಟನೆಯಾದ ಸುದ್ದಿ ಓದಿದಾಗ ಅದನ್ನು ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಿದೆ.

ಸ್ನೇಹಿತರೇ, ಇಲ್ಲಿ ನಮಗೊಂದು ಮಾತಿದೆ. ಕೆಪಿಟಿಸಿಎಲ್ ಮತ್ತು ಎಸ್ಕಾಂಗಳು 2024ರಲ್ಲಿ ಕಿರಿಯ ಪವರ್‌ಮ್ಯಾನ್, ಕಿರಿಯ ಸ್ಟೇಷನ್ ಪರಿಚಾರಕ ಹುದ್ದೆಗಳಿಗೆ ಅರ್ಜಿ ಕರೆದಾಗ ನನ್ನ ಗೆಳೆಯರು ಬೆಳಗಾಗುತ್ತಲೇ ಊರ ಹೊರಗೆ ಕಂಬ ಹತ್ತುವ ಅಭ್ಯಾಸಕ್ಕೆ ನಿಂತರು. ದೈಹಿಕ ಪರೀಕ್ಷೆಯಲ್ಲಿ ಕಂಬ ಹತ್ತುವುದು ಕಡ್ಡಾಯ. ಅದು ಬೇಕು, ಗಾಳಿ ಮಳೆಗೆ ತಂತಿ ಹರಿದರೆ ಲ್ಯಾಪ್‌ಟಾಪ್ ಹಿಡಿದು ಜೋಡಿಸಲಾಗದು. ಆದರೆ ಇಂದಿನ ಕಂಬಕ್ಕೆ ಎರಡೂ ಕಡೆಯಿಂದ ವಿದ್ಯುತ್ ಬರುತ್ತದೆ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ ₹78,000 ಸಹಾಯಧನ ಇರುವುದರಿಂದ ಚಾವಣಿಗಳೂ ವಿದ್ಯುತ್ ಉತ್ಪಾದಿಸುತ್ತಿವೆ. ಲೈನ್ ಆಫ್ ಮಾಡಿದ ಕೂಡಲೇ ಚಾವಣಿಯ ಇನ್ವರ್ಟರ್ ಕೂಡ ತಾನಾಗಿ ನಿಲ್ಲಬೇಕು. ಇಲ್ಲದಿದ್ದರೆ ಕಂಬದ ಮೇಲಿರುವವನ ಜೀವಕ್ಕೆ ಅಪಾಯ. ಇಂಥದ್ದನ್ನು ಪರೀಕ್ಷಿಸಲು, ಸ್ಮಾರ್ಟ್ ಮೀಟರ್ ಓದಲು, ಯಾವ ಟಿಸಿ ಸುಡುವ ಹಂತದಲ್ಲಿದೆ ಎಂದು ಮೊದಲೇ ಗುರುತಿಸಲು ಕಲಿತ ಕೈಗಳು ಬೇಕು. ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳ ಗೇಟಿನಲ್ಲಿ ಕೆಲಸಕ್ಕೆ ಕಾಯುವ ನಮ್ಮ ಐಟಿಐ, ಡಿಪ್ಲೊಮಾ ಹುಡುಗ ಹುಡುಗಿಯರು ಈ ಕಡೆಗೂ ಕಣ್ಣು ಹಾಯಿಸಬೇಕು. ಬರೀ ಕಂಬ ಹತ್ತಿದರೆ ಸಾಲದು, ಕಂಬದಲ್ಲಿ ಏನು ಹರಿಯುತ್ತಿದೆ ಎಂಬುದನ್ನೂ ಓದಬೇಕು.

ಹೋದ ಸಲ ಊರಿಗೆ ಹೋದಾಗ ನನ್ನ ಮೊದಲ ಕೆಲಸ ಸ್ಟಾರ್ಟರ್ ಡಬ್ಬಿಗೆ ಅರ್ಥಿಂಗ್ ಮಾಡಿದ್ದು. ಗುಂಡಿಗೆ ಇದ್ದಿಲು, ಉಪ್ಪು ಸುರಿಯುವುದನ್ನು ನೋಡುತ್ತ ಅಪ್ಪ ಕೇಳಿದರು: ‘ನಿನ್ನ ಓದು ಮುಗದ್ರ ಹಗಲಿ ಕರೆಂಟ್ ಬರ್ತದೇನು?’

‘ನಾ ಒಬ್ಬವ ಓದಿದ್ರ ಬರಂಗಿಲ್ಲಪ್ಪ, ಕೆಲಸ ಭಾಳ ಅದ’ ಎಂದೆ.

‘ಹಂಗಾದ್ರ ಲಗೂ ಮುಗಸು’ ಎಂದು ಗುಂಡಿಗೆ ಒಂದು ಕೊಡ ನೀರು ಸುರಿದರು.