ಘಟ್ಟ ಇಳಿದ ಲಾರಿಗಳ ಕಂಕನಾಡಿ

ಮಂಗಳೂರು ನಗರದ ಕಂಕನಾಡಿಯನ್ನು ಹೊರಗಿನವರು ಸಾಮಾನ್ಯವಾಗಿ 1880ರಲ್ಲಿ ಆರಂಭವಾದ ಫಾದರ್ ಮುಲ್ಲರ್ ಆಸ್ಪತ್ರೆಯಿಂದಲೋ, ಕೋಟಿ-ಚೆನ್ನಯರ ಆರಾಧನೆಯ ಬ್ರಹ್ಮ ಬೈದರ್ಕಳ ಗರಡಿಯಿಂದಲೋ ಗುರುತಿಸುತ್ತಾರೆ. ಇಂದು ಮಂಗಳೂರು ಜಂಕ್ಷನ್ ಎನಿಸಿಕೊಂಡಿರುವ ರೈಲು ನಿಲ್ದಾಣಕ್ಕೂ ಹಿಂದೆ ಇದೇ ಊರಿನ ಹೆಸರಿತ್ತು. ಲಾರಿ ಓಡಿಸುವವರಿಗೂ ರಿಪೇರಿ ಮಾಡುವವರಿಗೂ ಈ ಪರಿಸರದ ಮುಖ್ಯ ಗುರುತು ಪಂಪ್‌ವೆಲ್ ವೃತ್ತ. ಕೇರಳದಿಂದ ತಲಪಾಡಿ, ತೊಕ್ಕೊಟ್ಟು ದಾಟಿ ಬರುವ 66ನೇ ರಾಷ್ಟ್ರೀಯ ಹೆದ್ದಾರಿಗೆ, ಪಡೀಲ್ ಮೂಲಕ ಬಿ.ಸಿ.ರೋಡಿನತ್ತ ಸಾಗುವ ದಾರಿ ಇಲ್ಲಿಯೇ ಕೂಡುತ್ತದೆ. ಇಲ್ಲಿನ ಮೇಲ್ಸೇತುವೆ ದೀರ್ಘ ವಿಳಂಬದ ನಂತರ 2020ರ ಜನವರಿಯಲ್ಲಿ ಸಂಚಾರಕ್ಕೆ ತೆರೆದುಕೊಂಡಿತು.

ಈ ಭೂಗೋಳಕ್ಕೂ ಹಳೆಯ ಲಾರಿ ಇಂಜಿನ್ನಿನ ಒಂದು ಸಣ್ಣ ಭಾಗಕ್ಕೂ ನೇರ ಸಂಬಂಧವಿದೆ. ಪಣಂಬೂರಿನ ಬಂದರಿನಿಂದ ಸರಕು ಹೊತ್ತು ಹೊರಟ ಲಾರಿ ಬಿ.ಸಿ.ರೋಡ್ ದಾಟಿ ಶಿರಾಡಿ ಘಾಟಿಯ ಮೂಲಕ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಸಕಲೇಶಪುರವನ್ನು ಏರುವಾಗ ಇಂಜಿನ್ ಬಹುಹೊತ್ತು ಪೂರ್ಣ ಭಾರದಲ್ಲಿ ದುಡಿಯುವುದರಿಂದ, ಸಿಲಿಂಡರುಗಳಿಂದ ಹೊರಬರುವ ಹೊಗೆಯ ಉಷ್ಣತೆ 500ರಿಂದ 700 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಇಳಿಯುವಾಗಲಾದರೂ ಬಿಡುವು ಸಿಗುವುದಿಲ್ಲ. ಎಕ್ಸಾಸ್ಟ್ ಬ್ರೇಕ್, ಅಂದರೆ ಹೊಗೆಯ ದಾರಿಯನ್ನು ಕವಾಟದಿಂದ ಮುಚ್ಚಿ ಇಂಜಿನ್ನಿನಿಂದಲೇ ವೇಗ ತಗ್ಗಿಸುವ ಸಾಧನ, ಮ್ಯಾನಿಫೋಲ್ಡಿನೊಳಗಿನ ಒತ್ತಡವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಆ ಶಾಖವನ್ನೂ ಒತ್ತಡವನ್ನೂ ತಡೆದು ನಿಲ್ಲಬೇಕಾದದ್ದು ಸಿಲಿಂಡರ್ ಹೆಡ್ಡಿಗೂ ಮ್ಯಾನಿಫೋಲ್ಡಿಗೂ ನಡುವೆ ಕೂರುವ ತೆಳುವಾದ ಗ್ಯಾಸ್ಕೆಟ್. ಮೆಕ್ಯಾನಿಕ್ಕುಗಳ ಬಾಯಲ್ಲಿ ಇದು ಪ್ಯಾಕಿಂಗ್.

ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಕೊಳವೆಗೆ ಒಯ್ಯುವ ಎರಕದ ಕಬ್ಬಿಣದ ಅಂಗವೇ ಮ್ಯಾನಿಫೋಲ್ಡ್. 700 ಮಿಲಿಮೀಟರ್ ಉದ್ದದ ಎರಕದ ಕಬ್ಬಿಣ 500 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು 4 ಮಿಲಿಮೀಟರ್ ಹಿಗ್ಗುತ್ತದೆ. ಕೂಲಿಂಗ್ ನೀರು ಹರಿಯುವ ಹೆಡ್ ಮಾತ್ರ ಅಷ್ಟು ಹಿಗ್ಗುವುದಿಲ್ಲ. ಆದ್ದರಿಂದ ಪ್ರತಿ ಪ್ರಯಾಣದಲ್ಲೂ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟಿನ ಮೇಲೆ ಜಾರಿ ಹಿಂದಿರುಗುತ್ತದೆ. ಹೀಗೆ ಜಾರಲು ಎಡೆಯಿಲ್ಲದಿದ್ದರೆ ಅದನ್ನು ಹೆಡ್ಡಿಗೆ ಬಿಗಿದಿಡುವ ಸ್ಟಡ್ ಮುರಿಯುತ್ತದೆ, ಇಲ್ಲವೇ ಮ್ಯಾನಿಫೋಲ್ಡ್ ಬಿರಿಯುತ್ತದೆ. ಗ್ಯಾಸ್ಕೆಟ್ ಸೋತಾಗ ತಣ್ಣಗಿನ ಇಂಜಿನ್ನಿನಲ್ಲಿ ಟಕ್ ಟಕ್ ಸದ್ದು ಕೇಳುವುದು, ಸೋರಿಕೆಯ ಜಾಗದಲ್ಲಿ ಕಪ್ಪು ಮಸಿ ಹರಡುವುದು ಸಾಮಾನ್ಯ ಲಕ್ಷಣಗಳು. ಟರ್ಬೊ ಇರುವ ಇಂಜಿನ್ನಿನಲ್ಲಿ ಇದು ಬರಿಯ ಸದ್ದಿನ ತೊಂದರೆಯಲ್ಲ. ಟರ್ಬೈನನ್ನು ತಿರುಗಿಸಬೇಕಾದ ಹೊಗೆ ಮೊದಲೇ ಸೋರಿಹೋಗುವುದರಿಂದ ಗಾಳಿಯ ಒತ್ತಡ ಕುಂದಿ, ಲಾರಿ ಏರಿನಲ್ಲಿ ಕಪ್ಪು ಹೊಗೆಯುಗುಳುತ್ತಾ ಎಳೆಯಲಾರದೆ ಹೋಗುತ್ತದೆ.

ಹಳೆಯ ಟಾಟಾ ಲಾರಿಗಳ 697 ಇಂಜಿನ್ ಇಲ್ಲಿ ಒಳ್ಳೆಯ ನಿದರ್ಶನ. 1954ರಲ್ಲಿ ಆರಂಭವಾದ ಟಾಟಾ-ಡೈಮ್ಲರ್ ಬೆಂಜ್ ಸಹಯೋಗದ ಪರಂಪರೆಗೆ ಸೇರಿದ ಈ ಇಂಜಿನ್ನಿಗೆ ಆರು ಸಿಲಿಂಡರುಗಳು, 97 ಮಿಲಿಮೀಟರ್ ಬೋರ್. ಹೆಸರಿನಲ್ಲೇ ಆ ಎರಡೂ ಅಂಕಿಗಳಿವೆ. ಇದರಲ್ಲಿ ಟರ್ಬೊ ಇಲ್ಲದ ಮಾದರಿಯೂ ಇದೆ, ಟರ್ಬೊ ಇರುವ ಮಾದರಿಯೂ ಇದೆ. ಆದ್ದರಿಂದ ಅಂಗಡಿಯಲ್ಲಿ '697ರ ಪ್ಯಾಕಿಂಗ್ ಸೆಟ್' ಎಂದಷ್ಟೇ ಕೇಳುವುದು ಸಾಲದು. ಇಂಜಿನ್ ಸಂಖ್ಯೆಯನ್ನೂ ಬಿಚ್ಚಿದ ಹಳೆಯ ಗ್ಯಾಸ್ಕೆಟ್ಟನ್ನೂ ಒಯ್ದು, ಸ್ಟಡ್ ತೂತುಗಳ ಅಂತರ ಮತ್ತು ಹೊಗೆಕಿಂಡಿಯ ಅಳತೆಯನ್ನು ಹೋಲಿಸಿ ಕೊಳ್ಳಬೇಕು. ಗ್ಯಾಸ್ಕೆಟ್ಟಿನ ಕಿಂಡಿ ಹೆಡ್ಡಿನ ಕಿಂಡಿಗಿಂತ ಚಿಕ್ಕದಾಗಿದ್ದರೆ ಒಳಚಾಚಿದ ಅಂಚು ಕೆಂಪಗೆ ಕಾದು ಸುಟ್ಟುಹೋಗುತ್ತದೆ.

ವಸ್ತುವಿನ ಆಯ್ಕೆ ಮುಖದ, ಅಂದರೆ ಗ್ಯಾಸ್ಕೆಟ್ ಕೂರುವ ಮೇಲ್ಮೈಯ, ಸ್ಥಿತಿಯನ್ನು ಅವಲಂಬಿಸಿದೆ. ಹಲವು ಪದರಗಳ ಸ್ಟೇನ್‌ಲೆಸ್ ಸ್ಟೀಲ್ ಗ್ಯಾಸ್ಕೆಟ್ ಶಾಖಕ್ಕೂ ಒತ್ತಡಕ್ಕೂ ಬಹುಕಾಲ ಬಾಳುತ್ತದೆಯಾದರೂ ಎರಡೂ ಮುಖಗಳು ನುಣುಪಾಗಿ, ಸಮತಟ್ಟಾಗಿ ಇದ್ದರೆ ಮಾತ್ರ ಹಿಡಿಯುತ್ತದೆ. ಉಕ್ಕಿನ ತಗಡಿನ ಮೇಲೆ ಗ್ರಾಫೈಟ್ ಕೂರಿಸಿದ ಗ್ಯಾಸ್ಕೆಟ್ ತುಕ್ಕಿನಿಂದ ಕುಳಿಬಿದ್ದ ಮುಖಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಕಡಲಗಾಳಿಯ ಉಪ್ಪು ಮತ್ತು ದೀರ್ಘ ಮಳೆಗಾಲ ಸೇರಿ ಕಬ್ಬಿಣವನ್ನು ತಿನ್ನುವ ಕರಾವಳಿಯಲ್ಲಿ ಇದು ದೊಡ್ಡ ಅನುಕೂಲ. ಆದರೆ ಗಾಳಿ ತಗುಲುವ ಗ್ರಾಫೈಟ್ ಸುಮಾರು 450 ಡಿಗ್ರಿಗಿಂತ ಮೇಲೆ ನಿಧಾನವಾಗಿ ಉರಿದು ಸವೆಯುವುದರಿಂದ, ಟರ್ಬೊ ಫ್ಲಾಂಜಿಗೆ ಸ್ಟೀಲನ್ನೇ ಆರಿಸುವುದು ಲೇಸು. ಒಂದು ಬದಿಗೆ ಮಾತ್ರ ಲೋಹದ ಹೊದಿಕೆಯಿದ್ದರೆ, ತಯಾರಕರು ಬೇರೆ ಸೂಚಿಸದ ಹೊರತು, ಮ್ಯಾನಿಫೋಲ್ಡ್ ಸರಾಗವಾಗಿ ಜಾರುವಂತೆ ಆ ಬದಿಯನ್ನು ಅದರ ಕಡೆಗೆ ಇಡುತ್ತಾರೆ. ಸೋರಿಕೆ ನಿಲ್ಲಲೆಂದು ಸಿಲಿಕಾನ್ ಅಂಟು ಹಚ್ಚುವ ರೂಢಿ ಸರಿಯಲ್ಲ. ಆ ಅಂಟು ಈ ಶಾಖವನ್ನು ತಾಳಲಾರದು.

ಎಷ್ಟೇ ಬೆಲೆಯ ಗ್ಯಾಸ್ಕೆಟ್ ತಂದರೂ ಬಾಗಿದ ಮ್ಯಾನಿಫೋಲ್ಡನ್ನು ಅದು ಸರಿಪಡಿಸುವುದಿಲ್ಲ. ನೇರಪಟ್ಟಿಯನ್ನು ಮುಖದ ಮೇಲಿಟ್ಟು ಫೀಲರ್ ಗೇಜ್ ತೂರಿಸಿ ಬಾಗನ್ನು ಅಳೆದು, ಕೈಪಿಡಿಯ ಮಿತಿ ಮೀರಿದ್ದರೆ ಮೆಷಿನ್ ಶಾಪಿನಲ್ಲಿ ಮುಖವನ್ನು ಸಮಗೊಳಿಸಬೇಕು. ಎರಡು ಹೆಡ್ಡುಗಳಿರುವ ಇಂಜಿನ್ನಿನಲ್ಲಿ ಹೆಡ್ ಬೋಲ್ಟುಗಳನ್ನು ಪೂರ್ತಿ ಬಿಗಿಯುವ ಮುನ್ನವೇ ಎರಡರ ಹೊಗೆಮುಖಗಳನ್ನು ಒಂದೇ ನೇರಕ್ಕೆ ತರಬೇಕು. ಇದನ್ನು ಮರೆತರೆ ಆಮೇಲೆ ಯಾವ ಗ್ಯಾಸ್ಕೆಟ್ಟೂ ನಿಲ್ಲದು. ನಟ್ಟುಗಳನ್ನು ನಡುವಿನಿಂದ ಎರಡೂ ತುದಿಗಳತ್ತ, ಟಾರ್ಕ್ ವ್ರೆಂಚಿನಿಂದ ಹಂತಹಂತವಾಗಿ ಬಿಗಿಯಬೇಕು. ತಯಾರಕರು ಸೂಚಿಸಿದ್ದರೆ ಇಂಜಿನ್ ಒಮ್ಮೆ ಬಿಸಿಯಾಗಿ ತಣಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.

ಹಳೆಯ ಇಂಜಿನ್ನುಗಳ ಪ್ಯಾಕಿಂಗುಗಳಲ್ಲಿ ಆಸ್‌ಬೆಸ್ಟಸ್ ನಾರು ಇರುವ ಸಾಧ್ಯತೆ ಹೆಚ್ಚು. ಅದರ ಧೂಳು ಶ್ವಾಸಕೋಶ ಸೇರಿದರೆ ದಶಕಗಳ ನಂತರವೂ ಕ್ಯಾನ್ಸರ್ ಬರಬಹುದು. ಆದ್ದರಿಂದ ಅಂಟಿಕೊಂಡ ಹಳೆಯ ಪ್ಯಾಕಿಂಗನ್ನು ಒಣಗಿದ್ದಾಗ ವೈರ್ ಬ್ರಷ್ ಯಂತ್ರದಿಂದ ಉಜ್ಜದೆ, ಗಾಳಿ ಹೊಡೆದು ಹಾರಿಸದೆ, ನೀರಿನಿಂದ ನೆನೆಸಿ ಕೈಯಿಂದ ಕೆರೆದು ಚೀಲದಲ್ಲಿ ಕಟ್ಟಿ ತೆಗೆಯಬೇಕು. ಹೊಸದನ್ನು ಕೊಳ್ಳುವಾಗ ಆಸ್‌ಬೆಸ್ಟಸ್ ಇಲ್ಲದ್ದನ್ನೇ ಕೇಳಿ ಪಡೆಯಬೇಕೆಂದು ಲಾರಿ ಮಾಲೀಕರಲ್ಲಿಯೂ, ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗೆ ಮಾಸ್ಕ್ ಒದಗಿಸಬೇಕೆಂದು ಗ್ಯಾರೇಜಿನವರಲ್ಲಿಯೂ ವಿನಂತಿ.