ನಿಮಗಿದು ಗೊತ್ತೇ? ಪೆಪ್ಪರಮಿಂಟಿನ ಪಕ್ಕದಲ್ಲೇ ಸಿಗರೇಟು

● ಬೀಡಾ ಅಂಗಡಿಯವರು ತಂಬಾಕಿನ ಬೋರ್ಡು ಹಾಕಬಹುದು, ಆದರೆ ಅದು 60 ಸೆಂ.ಮೀ. x 45 ಸೆಂ.ಮೀ. ಅಳತೆ ಮೀರುವಂತಿಲ್ಲ. ಎರಡಕ್ಕಿಂತ ಹೆಚ್ಚು ಬೋರ್ಡೂ ಇಲ್ಲ. ಯಾವ ಬಗೆಯ ಮಾಲು ಸಿಗುತ್ತದೆ ಎಂದಷ್ಟೇ ಬರೆಯಬೇಕು. ಬ್ರ್ಯಾಂಡಿನ ಹೆಸರು, ಪ್ಯಾಕಿನ ಚಿತ್ರ, ಹಿಂದೆ ಉರಿಯುವ ದೀಪ ಯಾವುದಕ್ಕೂ ಅವಕಾಶವಿಲ್ಲ. 2003ರ ತಂಬಾಕು ಕಾಯ್ದೆಯಡಿ ಬಂದ ಈ ನಿಯಮಕ್ಕೆ ಬಾಂಬೆ ಹೈಕೋರ್ಟಿನಲ್ಲಿ ತಡೆಯಾಜ್ಞೆ ಸಿಕ್ಕಿ ಅದು ವರ್ಷಗಟ್ಟಲೆ ಮಲಗಿತ್ತು. ಸುಪ್ರೀಂ ಕೋರ್ಟ್ ತಡೆ ತೆರವು ಮಾಡಿದ್ದು 2013ರ ಜುಲೈನಲ್ಲಿ.

● ಬೋರ್ಡಿಗೆ ಅಳತೆ ಬಂತು, ಸರಿ. ಶೆಲ್ಫಿಗೆ? 2011ರ ನಿಯಮ ಹೇಳುವುದಿಷ್ಟು: 18 ತುಂಬದವರ ಕೈಗೆ ಸುಲಭವಾಗಿ ಸಿಗುವಂತೆ ತಂಬಾಕು ಜೋಡಿಸಿಡಬಾರದು. ಕೈಗೆ ಸಿಗಬಾರದು, ನಿಜ. ಕಣ್ಣಿಗೆ ಬೀಳಬಾರದು ಎಂದು ಮಾತ್ರ ಯಾರೂ ಹೇಳಿಲ್ಲ. ಸಿಗರೇಟು ಪ್ಯಾಕುಗಳು ಸಾಲಾಗಿ ಮುಂದೆ ಮುಖಮಾಡಿ ನಿಂತಿರುವುದು, ಪೊಟ್ಟಣಗಳ ಸರ ತೋರಣದ ಹಾಗೆ ತೂಗುತ್ತಿರುವುದು ಈ ಸಂದಿನಲ್ಲೇ. ದೇಶದ 20 ಊರುಗಳ ಶಾಲೆಗಳ ಸುತ್ತ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ತಂಬಾಕು ಪ್ರದರ್ಶನಗಳಲ್ಲಿ ಸುಮಾರು 90%ರಷ್ಟು ಇದ್ದದ್ದು ಮಿಠಾಯಿ, ಆಟಿಕೆಗಳ ಪಕ್ಕದಲ್ಲಿ, ನೆಲದಿಂದ ಒಂದು ಮೀಟರ್ ಎತ್ತರದಲ್ಲಿ. ಒಂದು ಮೀಟರ್ ಎಂದರೆ ಯಾರ ಕಣ್ಣಿನ ಮಟ್ಟ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

● ಅಂಗಡಿಯಲ್ಲಿ ಪ್ಯಾಕುಗಳನ್ನು ಕಾಣುವಂತೆ ಇಡುವುದನ್ನೇ ಮೊದಲು ನಿಷೇಧಿಸಿದ ದೇಶ ಐಸ್‌ಲ್ಯಾಂಡ್, 2001ರಲ್ಲಿ. ಏಷ್ಯಾದಲ್ಲಿ ಮೊದಲು ಥಾಯ್ಲೆಂಡ್, 2005ರಲ್ಲಿ. ಇಂಗ್ಲೆಂಡಿನ ಸಣ್ಣ ಅಂಗಡಿಗಳೂ 2015ರಿಂದ ಪ್ಯಾಕುಗಳನ್ನು ಮುಚ್ಚಿಯೇ ಇಡುತ್ತವೆ. ಗಿರಾಕಿ ಬಾಯಿಬಿಟ್ಟು ಕೇಳಿದರೆ ಮಾತ್ರ ಹೊರಗೆ ಬರುತ್ತದೆ.

● ಬ್ರಿಟನ್ 2017ರ ಮೇ ತಿಂಗಳಿಂದ ಹತ್ತು ಸಿಗರೇಟಿನ ಸಣ್ಣ ಪ್ಯಾಕನ್ನೂ ನಿಲ್ಲಿಸಿತು. ಕಡಿಮೆ ದುಡ್ಡಿಗೆ ಸಿಗುವುದರಿಂದ ಹುಡುಗರು ಅದಕ್ಕೇ ಕೈಹಾಕುತ್ತಾರೆ ಎಂಬುದು ಕಾರಣ. ಇಲ್ಲಿ ಒಂದೇ ಒಂದು ಕೊಂಡರೂ ಸಾಕು, ಹಚ್ಚಿಕೊಳ್ಳಲು ಲೈಟರನ್ನೂ ಅಂಗಡಿಯವರೇ ದಾರಕ್ಕೆ ಕಟ್ಟಿ ತೂಗುಹಾಕಿರುತ್ತಾರೆ. ಕರ್ನಾಟಕ ಸರ್ಕಾರ ಸಿಗರೇಟು, ಬೀಡಿಗಳ ಬಿಡಿ ಮಾರಾಟ ನಿಲ್ಲಿಸುವಂತೆ 2017ರಲ್ಲೇ ಆದೇಶಿಸಿತ್ತು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ರಾಜ್ಯದ ತಂಬಾಕು ತಿದ್ದುಪಡಿ ಕಾಯ್ದೆಯಲ್ಲಿ ಅದು ಮತ್ತೊಮ್ಮೆ ಬಂದಿದೆ. ಟೀ ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಆದೇಶ ಎಲ್ಲಿಯವರೆಗೆ ತಲುಪಿದೆ ಎಂಬುದು ತಿಳಿಯುತ್ತದೆ.

● ಬಿಡಿ ಮಾರಾಟದಲ್ಲಿ ದುಡ್ಡಿನಾಚೆಗೂ ಒಂದು ಸಂಗತಿಯಿದೆ. ಪ್ಯಾಕಿನ 85% ಭಾಗವನ್ನು ಎಚ್ಚರಿಕೆಯ ಚಿತ್ರ ಆವರಿಸಬೇಕೆಂಬ ನಿಯಮ 2016ರ ಏಪ್ರಿಲ್‌ನಿಂದ ಇದೆ. ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರಿನಲ್ಲಿ ಇದನ್ನು ರದ್ದುಮಾಡಿತು. ಕೆಲವೇ ವಾರಗಳಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಇಷ್ಟೆಲ್ಲ ಜಗ್ಗಾಡಿ ಉಳಿಸಿಕೊಂಡ ಚಿತ್ರ ಅಂಗಡಿಯವರ ಕೈಯಲ್ಲೇ ಉಳಿಯುತ್ತದೆ. ಒಂಟಿ ಸಿಗರೇಟು ಕೊಂಡ ಹುಡುಗನ ಜೇಬಿಗೆ ಅದು ಬರುವುದೇ ಇಲ್ಲ.

● ತಂಬಾಕು ಮಾರುವ ಅಂಗಡಿ ಶಾಲೆಯಿಂದ ಎಷ್ಟು ದೂರ ಇರಬೇಕು? ಕೇಂದ್ರದ ಕಾಯ್ದೆಯಲ್ಲಿ 100 ಗಜ, ಅಂದರೆ 91.44 ಮೀಟರ್. ಕರ್ನಾಟಕ ಅದನ್ನು 100 ಮೀಟರ್ ಮಾಡಿದೆ. ಹೆಚ್ಚಾದ ಎಂಟೂವರೆ ಮೀಟರಿನಲ್ಲಿ ಮೂರ್ನಾಲ್ಕು ಗೂಡಂಗಡಿಯಾದರೂ ಎದ್ದು ಹೋಗಬೇಕು! ಕೇಂದ್ರದ ನಿಯಮದಂತೆ ಅಳತೆ ಶುರುವಾಗುವುದು ಗೇಟಿನಿಂದಲ್ಲ, ಕಾಂಪೌಂಡಿನ ಹೊರ ಅಂಚಿನಿಂದ, ಸುತ್ತಲೂ. ‘ಗೇಟು ಆ ಕಡೆ ಇದೆ ಸಾರ್’ ಎಂಬ ಸಮಜಾಯಿಷಿ ನಡೆಯುವುದಿಲ್ಲ.

● ಕರ್ನಾಟಕದಲ್ಲಿ ಈಗ ತಂಬಾಕು ಕೊಳ್ಳಲು 21 ತುಂಬಿರಬೇಕು. ಮೊದಲು 18 ಇತ್ತು. ಕಿರಿಯರಿಗೆ ಮಾರಿದವರಿಗಿದ್ದ ಹಳೆಯ 200 ರೂಪಾಯಿ ದಂಡವೂ 1,000ಕ್ಕೆ ಏರಿದೆ.

● ಸಾವಿರ ರೂಪಾಯಿ ತಾನೇ ಎನ್ನುವ ಅಂಗಡಿಯವರು ಇನ್ನೊಂದು ಕಾಯ್ದೆಯ ಕಡೆ ನೋಡಬೇಕು. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನ ಪ್ರಕಾರ 18 ತುಂಬದ ಮಗುವಿಗೆ ತಂಬಾಕು ಕೊಟ್ಟರೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಮಗನ ಕೈಗೆ ದುಡ್ಡು ಕೊಟ್ಟು ‘ಹೋಗಿ ಒಂದು ಸಿಗರೇಟು ತಾ’ ಎನ್ನುವ ಅಪ್ಪಂದಿರಿಗೂ ಇದು ಗೊತ್ತಿದ್ದರೆ ಒಳ್ಳೆಯದು. ಅವರ ಆ ಒಂದು ಸಿಗರೇಟು ಅಂಗಡಿಯವರನ್ನು ಎಲ್ಲಿಗೆ ಕಳಿಸಬಲ್ಲದು ನೋಡಿ.

● ರಾಷ್ಟ್ರಮಟ್ಟದಲ್ಲಿ 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ 8.5% ತಂಬಾಕು ಬಳಸುತ್ತಿದ್ದರು ಎಂದು 2019ರ ಸಮೀಕ್ಷೆ ಹೇಳಿತು. ಕರ್ನಾಟಕದ್ದು 1.2%, ದೇಶದಲ್ಲೇ ತೀರಾ ಕಡಿಮೆಯವುಗಳಲ್ಲಿ ಒಂದು. ಬೀಗುವ ಮುನ್ನ ಇನ್ನೊಂದು ಅಂಕಿ: ಜಗಿಯುವ ತಂಬಾಕಿನ ರುಚಿ ನೋಡಿದ ಈ ದೇಶದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಹತ್ತು ತುಂಬುವ ಹೊತ್ತಿಗೇ ಅದನ್ನು ನೋಡಿಯಾಗಿತ್ತು. ಮೂರನೆಯದೋ ನಾಲ್ಕನೆಯದೋ ಕ್ಲಾಸಿನ ವಯಸ್ಸು.

● ತುದಿ ಕೆಂಪಗಿದ್ದ ಫ್ಯಾಂಟಮ್ ಸ್ವೀಟ್ ಸಿಗರೇಟು ನೆನಪಿದೆಯೇ? ಬಾಯಲ್ಲಿಟ್ಟು ಹೊಗೆ ಬಿಟ್ಟವರಂತೆ ನಟಿಸಿ ಕೊನೆಗೆ ಕಚ್ಚಿ ತಿನ್ನುತ್ತಿದ್ದದ್ದು. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 16ನೇ ವಿಧಿ, ಮಕ್ಕಳನ್ನು ಸೆಳೆಯುವ ಸಿಗರೇಟಿನಾಕಾರದ ಮಿಠಾಯಿ, ಆಟಿಕೆಗಳ ತಯಾರಿಕೆಯನ್ನೂ ಮಾರಾಟವನ್ನೂ ನಿಲ್ಲಿಸುವ ಮಾತಾಡುತ್ತದೆ. ಭಾರತ ಆ ಒಪ್ಪಂದಕ್ಕೆ ಸೇರಿದ ದೇಶ.

● ಅಮೆರಿಕದ ಆರ್.ಜೆ. ರೇನಾಲ್ಡ್ಸ್ ಕಂಪನಿಯೊಳಗೆ 1984ರಲ್ಲಿ ಓಡಾಡಿದ ವರದಿಯೊಂದು ಆಮೇಲೆ ಬಯಲಿಗೆ ಬಂತು. ಸತ್ತವರ, ಬಿಟ್ಟವರ ಜಾಗ ತುಂಬುವವರು ಎಳೆಯ ವಯಸ್ಸಿನ ಸೇದುಗರೇ, ಬೇರೆ ಯಾರೂ ಅಲ್ಲ ಎಂಬುದು ಅದರ ಲೆಕ್ಕ. ವ್ಯಾಪಾರಿ ಲೆಕ್ಕವಾಗಿ ನೋಡಿದರೆ ತಪ್ಪು ಹುಡುಕುವುದು ಕಷ್ಟ.

● ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರ ಮೇ ಕೊನೆಯಲ್ಲಿ. ಆಮೇಲೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು. ಎರಡೂ ಒಂದೇ ಮೊಳೆಗೆ ನೇತಾಡಿದವು, ಬೆರೆಸುವ ಕೆಲಸ ಗಿರಾಕಿಯದಾಯಿತು.

● ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356. 2018ರ ಸೆಪ್ಟೆಂಬರಿನಿಂದ ಪ್ಯಾಕುಗಳ ಮೇಲೂ ಅಚ್ಚಾಗುತ್ತಿದೆ. ಕರೆಗೆ ದುಡ್ಡಿಲ್ಲ. ದಕ್ಷಿಣದ ಭಾಷೆಗಳ ಕರೆಗಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು.